ಬಾಡಿಗೆ ಕಟ್ಟಲಾಗದ ತಿಂಗಳಲ್ಲಿ ಯಾವ ಬಾಗಿಲು ತಟ್ಟಬೇಕು?

ಬೆಂಗಳೂರಿನ ವಠಾರಗಳಲ್ಲಿ ಬಾಡಿಗೆ ಕೊಡಲಾಗದ ತಿಂಗಳು ಬಂದಾಗ ಬಾಡಿಗೆದಾರರ ಬಾಯಿಂದ ಮೊದಲು ಹೊರಡುವ ಮಾತು ‘ಈ ಸಲ ಅಡ್ವಾನ್ಸ್‌ನಲ್ಲಿ ಮುರ್ಕೊಳ್ಳಿ’ ಎಂಬುದು. ಮನೆಗೆ ಬರುವಾಗ ಕೊಟ್ಟ ಮುಂಗಡದಲ್ಲಿ ಈ ತಿಂಗಳಿನದನ್ನು ಹಿಡಿದುಕೊಳ್ಳಿ ಎಂಬ ಈ ಕೋರಿಕೆ ಎಷ್ಟು ಸಾಮಾನ್ಯವೆಂದರೆ, ಅದರ ಅರ್ಥವೇನೆಂದು ನಾವು ನಿಂತು ಯೋಚಿಸುವುದಿಲ್ಲ. ಕೆಲಸ ಹೋದಾಗ, ಅಪಘಾತವಾದಾಗ, ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿದಾಗ ಬಾಡಿಗೆ ತುಂಬಲು ಈ ನಗರದಲ್ಲಿರುವ ತುರ್ತು ನಿಧಿ ಇದೊಂದೇ. ಇದನ್ನು ಸರ್ಕಾರ ಸ್ಥಾಪಿಸಿದ್ದಲ್ಲ, ದಾನಿಗಳು ಕೊಟ್ಟದ್ದೂ ಅಲ್ಲ. ಬಾಡಿಗೆದಾರರೇ, ಬಹಳಷ್ಟು ಸಲ ಸಾಲ ಮಾಡಿ, ಮಾಲೀಕರ ಕೈಯಲ್ಲಿ ಬಡ್ಡಿಯಿಲ್ಲದೆ ಇಟ್ಟ ಹಣ. ಅದು ಕರಗಿದ ಮೇಲೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ನಮ್ಮ ಆಡಳಿತದಲ್ಲಿ ನೇರ ಉತ್ತರವಿಲ್ಲ. ಅಲ್ಲಲ್ಲಿ ಚದುರಿದ ನೆರವುಗಳಿವೆ, ಆದರೆ ಯಾವುದರ ಮೇಲೂ ‘ಬಾಡಿಗೆ’ ಎಂಬ ಹೆಸರಿಲ್ಲ. ಆ ನೆರವುಗಳು ಯಾವುವು, ಅವು ಎಲ್ಲಿಯವರೆಗೆ ಕೈ ಹಿಡಿಯುತ್ತವೆ, ಎಲ್ಲಿ ಕೈ ಬಿಡುತ್ತವೆ ಎಂಬುದನ್ನು ಗಾರ್ಮೆಂಟ್ಸ್ ಕೆಲಸಗಾರರು, ಗಾರೆ ಕೆಲಸದವರು, ಮನೆಗೆಲಸದವರು, ಸೆಕ್ಯುರಿಟಿ ಗಾರ್ಡುಗಳು, ಆಟೊ ಮತ್ತು ಕ್ಯಾಬ್ ಚಾಲಕರು ಬಾಳುವ ಮನೆಗಳನ್ನು ಕಣ್ಣ ಮುಂದಿಟ್ಟುಕೊಂಡು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಮುಂಗಡದ ಲೆಕ್ಕ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಕೇಳುವುದು ಬಹುಕಾಲದ ರೂಢಿ. ಈಚೆಗೆ ಕೆಲವೆಡೆ ಐದಾರು ತಿಂಗಳಿಗೆ ಇಳಿದಿದ್ದರೂ ರೂಢಿ ಅಳಿದಿಲ್ಲ. ತಿಂಗಳಿಗೆ 7,000 ರೂಪಾಯಿ ಬಾಡಿಗೆಯ ಒಂದು ಕೋಣೆ, ಅಡುಗೆಮನೆಯ ಮನೆಯೆಂದು ಇಟ್ಟುಕೊಂಡರೆ, ಬಾಗಿಲು ತೆರೆಯುವ ಮೊದಲೇ 70,000 ರೂಪಾಯಿ ಹೊಂದಿಸಬೇಕು. ಆ ಹಣ ಬರುವುದು ಚೀಟಿ ಎತ್ತಿ, ಒಡವೆ ಅಡವಿಟ್ಟು, ಸಂಘದಲ್ಲಿ ಸಾಲ ತೆಗೆದು. ಮಾಲೀಕರ ಬಳಿ ಬಡ್ಡಿಯಿಲ್ಲದೆ ಕೂತ ಹಣಕ್ಕೆ ಬಾಡಿಗೆದಾರರು ಮತ್ತೊಂದು ಕಡೆ ಬಡ್ಡಿ ಕಟ್ಟುತ್ತಿರುತ್ತಾರೆ. ಅಂದರೆ ಕಾಗದದ ಮೇಲಿನ ಬಾಡಿಗೆಯ ಜೊತೆಗೆ ಕಾಣದ ಇನ್ನೊಂದು ಬಾಡಿಗೆ ಪ್ರತಿ ತಿಂಗಳೂ ಹೋಗುತ್ತಿರುತ್ತದೆ. ಮನೆ ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದೂ ರೂಢಿಯೇ. ಹಳೆಯ ಮುಂಗಡ ಕೈಗೆ ಬರುವ ಮೊದಲೇ ಹೊಸ ಮನೆಗೆ ಮುಂಗಡ ಕೊಡಬೇಕಾದ್ದರಿಂದ, ಕಡಿಮೆ ಬಾಡಿಗೆಯ ಮನೆಗೆ ಹೋಗಿ ಖರ್ಚು ಇಳಿಸಿಕೊಳ್ಳಬೇಕೆಂದರೂ ಅದಕ್ಕೆ ಮತ್ತೆ ಸಾಲ ಬೇಕು. ಕಷ್ಟದ ತಿಂಗಳಲ್ಲಿ ಮುಂಗಡ ಕರಗುತ್ತ ಬಂದಂತೆ ಈ ದಾರಿಯೂ ಮುಚ್ಚಿಹೋಗುತ್ತದೆ, ಏಕೆಂದರೆ ಮುಂದಿನ ಮನೆಯ ಮುಂಗಡ ಆಗಬೇಕಿದ್ದ ಹಣವೇ ಈಗ ಬಾಡಿಗೆಯಾಗಿ ಹೋಗುತ್ತಿದೆ.

ಆದ್ದರಿಂದ ಮುಂಗಡಕ್ಕೆ ಮಿತಿ ಹಾಕಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಕೂಡದು ಎನ್ನುತ್ತದೆ. ನೆರೆಯ ತಮಿಳುನಾಡಿನ ಕಾಯಿದೆ ಮೂರು ತಿಂಗಳಿಗೆ ನಿಲ್ಲಿಸಿದೆ. ಮಾದರಿ ಕಾಯಿದೆ ಹೆಸರಿಗೆ ತಕ್ಕಂತೆ ಮಾದರಿ ಮಾತ್ರ, ರಾಜ್ಯಗಳು ತಮ್ಮದಾಗಿ ಮಾಡಿಕೊಳ್ಳದ ಹೊರತು ಅದಕ್ಕೆ ಬಲವಿಲ್ಲ. ಆದರೆ ಇಲ್ಲಿ ಚರ್ಚೆಯಲ್ಲಿ ತಪ್ಪಿಹೋಗುವ ಒಂದು ಸೂಕ್ಷ್ಮವಿದೆ. ಹತ್ತು ತಿಂಗಳ ಮುಂಗಡ ಕೈಯಲ್ಲಿರುವ ಮಾಲೀಕರು ಎರಡು ಮೂರು ತಿಂಗಳು ತಾಳುತ್ತಾರೆ, ಏಕೆಂದರೆ ಅವರಿಗೆ ನಷ್ಟವಿಲ್ಲ. ಎರಡೇ ತಿಂಗಳ ಠೇವಣಿಯಿದ್ದರೆ ಮೊದಲ ತಿಂಗಳು ತಪ್ಪಿದೊಡನೆ ಅವರು ಮನೆ ಖಾಲಿ ಮಾಡಿ ಎನ್ನುವುದು ಸಹಜ. ಹೊರೆಯಾಗಿರುವ ಮುಂಗಡವೇ ಈಗ ತಾಳ್ಮೆಯ ಬೆಲೆಯೂ ಆಗಿದೆ. ಅದನ್ನು ತಗ್ಗಿಸುವ ಸರ್ಕಾರ ಅದರ ಜಾಗದಲ್ಲಿ ಬೇರೊಂದು ಆಸರೆಯನ್ನು ನಿಲ್ಲಿಸದಿದ್ದರೆ, ಮನೆ ಸೇರುವುದು ಸುಲಭವಾಗಿ, ಮನೆಯಲ್ಲಿ ಉಳಿಯುವುದು ಕಷ್ಟವಾದೀತು. ಮುಂಗಡದ ಮಿತಿ ಮತ್ತು ತುರ್ತು ಬಾಡಿಗೆ ನೆರವು ಎಂಬೆರಡನ್ನು ಒಟ್ಟಿಗೆ ಯೋಚಿಸಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ.

ಸರ್ಕಾರ ಬಾಡಿಗೆಯ ವಿಷಯದಲ್ಲಿ ನೇರವಾಗಿ ಮಾತಾಡಿದ ಒಂದು ಕಾಲವಿತ್ತು. ಲಾಕ್‌ಡೌನ್ ಘೋಷಣೆಯಾಗಿ ವಲಸೆ ಕಾರ್ಮಿಕರು ಹೆದ್ದಾರಿಗಳಲ್ಲಿ ನಡೆಯತೊಡಗಿದಾಗ, 2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ವಿಪತ್ತು ನಿರ್ವಹಣಾ ಕಾಯಿದೆಯಡಿ ಆದೇಶ ಹೊರಡಿಸಿತು: ಬಾಡಿಗೆ ಮನೆಗಳಲ್ಲಿರುವ ಕಾರ್ಮಿಕರಿಂದ ಮಾಲೀಕರು ಒಂದು ತಿಂಗಳು ಬಾಡಿಗೆ ಕೇಳಬಾರದು, ಕಾರ್ಮಿಕರನ್ನಾಗಲಿ ವಿದ್ಯಾರ್ಥಿಗಳನ್ನಾಗಲಿ ಬಲವಂತವಾಗಿ ಹೊರಹಾಕಿದರೆ ಕ್ರಮ. ಆ ಹೊತ್ತಿಗೆ ಅದು ಬೇಕಾದ ಮಾತೇ ಆಗಿತ್ತು. ಆದರೆ ಆ ತಿಂಗಳ ಬಾಡಿಗೆ ಮನ್ನಾ ಆಯಿತೋ, ಮುಂದಕ್ಕೆ ಹೋಯಿತೋ, ಅದನ್ನು ಯಾರು ತುಂಬಿಕೊಡುತ್ತಾರೆಂಬುದನ್ನು ಆದೇಶ ಹೇಳಲಿಲ್ಲ. ಬಡವರ ಬಡಾವಣೆಗಳಲ್ಲಿ ಮನೆ ಮಾಲೀಕರೆಂದರೆ ಎಲ್ಲರೂ ಶ್ರೀಮಂತರಲ್ಲ. ಇಪ್ಪತ್ತು-ಮೂವತ್ತರ ನಿವೇಶನದಲ್ಲಿ ಸಾಲ ಮಾಡಿ ಮೂರು ಮಹಡಿ ಕಟ್ಟಿ, ಮೇಲೆ ತಾವಿದ್ದು ಕೆಳಗಿನ ನಾಲ್ಕು ಮನೆಗಳ ಬಾಡಿಗೆಯಿಂದ ಬ್ಯಾಂಕಿನ ಕಂತು ಕಟ್ಟುವವರು, ಬೇರೆ ಆದಾಯವಿಲ್ಲದ ವೃದ್ಧರು, ವಿಧವೆಯರು ಬಹಳ ಮಂದಿ. ಪರಿಹಾರದ ಖರ್ಚನ್ನು ಅವರ ಹೆಗಲಿಗೆ ಹೊರಿಸಿದ ಆದೇಶ ಕೆಳಗೆ ಇಳಿಯುವಷ್ಟರಲ್ಲಿ ಸವೆದುಹೋಗುವುದು ಅನಿವಾರ್ಯವಾಗಿತ್ತು.

ಅದೇ ದಿನ ದೆಹಲಿಯ ಅಂದಿನ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲ್, ಬಡತನದಿಂದ ಬಾಡಿಗೆ ಕಟ್ಟಲಾಗದವರ ಬಾಡಿಗೆಯನ್ನು ಸರ್ಕಾರವೇ ಕೊಡುತ್ತದೆಂದು ಪತ್ರಿಕಾಗೋಷ್ಠಿಯಲ್ಲಿ ಹೇಳಿದರು. ಹಣ ಬಾರದಿದ್ದಾಗ ಕಾರ್ಮಿಕರು ಮತ್ತು ಒಬ್ಬ ಮಾಲೀಕರು ದೆಹಲಿ ಹೈಕೋರ್ಟಿಗೆ ಹೋದರು. 2021ರ ಜುಲೈ 22ರಂದು ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರು, ಮುಖ್ಯಮಂತ್ರಿ ಗಂಭೀರವಾಗಿ ಕೊಟ್ಟ ಭರವಸೆ ಜಾರಿಗೆ ಅರ್ಹವಾದದ್ದು, ಸರ್ಕಾರ ಆರು ವಾರಗಳಲ್ಲಿ ತೀರ್ಮಾನ ತೆಗೆದುಕೊಳ್ಳಬೇಕು ಎಂದರು. ಸೆಪ್ಟೆಂಬರಿನಲ್ಲಿ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ಕೊಟ್ಟಿತು. ಈ ಪ್ರಕರಣ ಕಲಿಸುವುದು ಕಾನೂನಿನ ಪಾಠವನ್ನಷ್ಟೇ ಅಲ್ಲ. ಬಾಡಿಗೆ ಯಾವ ಇಲಾಖೆಯ ಕೆಲಸ, ಯಾವ ಲೆಕ್ಕಶೀರ್ಷಿಕೆಯಿಂದ ಹಣ, ಅರ್ಜಿ ಯಾರಿಗೆ, ಬಾಡಿಗೆದಾರರೆಂಬುದಕ್ಕೆ ಪುರಾವೆ ಏನು ಎಂಬ ನಾಲ್ಕು ಪ್ರಶ್ನೆಗಳಿಗೆ ಮೊದಲೇ ಉತ್ತರ ಸಿದ್ಧವಿಲ್ಲದಿದ್ದರೆ, ವಿಪತ್ತಿನ ನಡುವೆ ಎಷ್ಟೇ ಪ್ರಾಮಾಣಿಕವಾಗಿ ಕೊಟ್ಟ ಮಾತೂ ನಿಲ್ಲುವುದಿಲ್ಲ.

ಆ ನಾಲ್ಕು ಪ್ರಶ್ನೆಗಳಿಗೆ ಅಮೆರಿಕ ಉತ್ತರ ಹುಡುಕಿದ ಬಗೆ ಇಲ್ಲಿ ನೋಡತಕ್ಕದ್ದು. 2020ರ ಡಿಸೆಂಬರಿನಲ್ಲಿ 2,500 ಕೋಟಿ ಡಾಲರ್, 2021ರ ಮಾರ್ಚಿನಲ್ಲಿ ಮತ್ತೆ 2,155 ಕೋಟಿ ಡಾಲರ್ ಮೊತ್ತದ ತುರ್ತು ಬಾಡಿಗೆ ನೆರವನ್ನು ಅಲ್ಲಿನ ಸಂಸತ್ತು ಮಂಜೂರು ಮಾಡಿತು. ಹಣ ಕೇಂದ್ರ ಖಜಾನೆಯದು, ಹಂಚುವವರು ರಾಜ್ಯಗಳು, ಕೌಂಟಿಗಳು (ನಮ್ಮ ಜಿಲ್ಲೆಗಳಂಥವು), ನಗರಗಳು. ಆ ಪ್ರದೇಶದ ಮಧ್ಯಮ ಆದಾಯದ ಶೇ 80ಕ್ಕಿಂತ ಕಡಿಮೆ ಗಳಿಸುವ ಕುಟುಂಬಗಳು ಅರ್ಹ. ಬಾಕಿ ಬಾಡಿಗೆಯಷ್ಟೇ ಅಲ್ಲದೆ ವಿದ್ಯುತ್, ನೀರಿನ ಬಾಕಿಯೂ ಸೇರುತ್ತಿತ್ತು. ಹಣ ಸಾಮಾನ್ಯವಾಗಿ ಮಾಲೀಕರ ಖಾತೆಗೇ ಹೋಗುತ್ತಿದ್ದುದರಿಂದ, ಪರಿಹಾರದ ಖರ್ಚು ಅವರ ಮೇಲೆ ಬೀಳಲಿಲ್ಲ. ಅವರು ಸಹಕರಿಸದಿದ್ದರೆ ಬಾಡಿಗೆದಾರರಿಗೇ ಕೊಡಲು ಅವಕಾಶವಿತ್ತು. ಹಾಗೆಂದು ಎಲ್ಲವೂ ಸರಾಗವಾಗಿ ನಡೆಯಲಿಲ್ಲ. 2021ರ ಜೂನ್ ಕೊನೆಗೆ ಮೊದಲ ಕಂತಿನಲ್ಲಿ ಖರ್ಚಾಗಿದ್ದುದು ಸುಮಾರು 300 ಕೋಟಿ ಡಾಲರ್ ಮಾತ್ರ. ಉದ್ದದ ಅರ್ಜಿಗಳು, ಆದಾಯದ ಪುರಾವೆಗಳು, ಉತ್ತರಿಸದ ಮಾಲೀಕರು ಹಣವನ್ನು ತಡೆದು ನಿಲ್ಲಿಸಿದ್ದರು. ಅರ್ಜಿದಾರರು ಸ್ವತಃ ಬರೆದುಕೊಟ್ಟ ಹೇಳಿಕೆಯನ್ನು ಪುರಾವೆಯೆಂದು ಒಪ್ಪಿರೆಂದು ಖಜಾನೆ ಒತ್ತಿ ಹೇಳಿದ ಮೇಲೆ ವೇಗ ಹೆಚ್ಚಿತು. ಅಷ್ಟರಲ್ಲಿ, 2021ರ ಆಗಸ್ಟ್ 26ರಂದು, ಮನೆ ತೆರವಿಗೆ ಇದ್ದ ರಾಷ್ಟ್ರವ್ಯಾಪಿ ತಡೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ ಕೊನೆಗೊಳಿಸಿತ್ತು. ನೆರವು ತಡವಾದವರಿಗೆ ರಕ್ಷಣೆಯೂ ತಪ್ಪಿತು. ಆ ನೆರವಿನ ಎರಡನೆಯ ಕಂತೂ 2025ರ ಸೆಪ್ಟೆಂಬರ್ 30ಕ್ಕೆ ಮುಗಿದಿದೆ. ಈಗ ಅಲ್ಲಿನ ಬಡ ಬಾಡಿಗೆದಾರರು 211 ಸಂಖ್ಯೆಗೆ ಕರೆ ಮಾಡಿ, ಊರಿನ ಧರ್ಮಸಂಸ್ಥೆಗಳ, ಕೌಂಟಿಗಳ ಸಣ್ಣ ನಿಧಿಗಳನ್ನು ಹುಡುಕಬೇಕು. 1974ರಿಂದ ನಡೆದಿರುವ ಬಾಡಿಗೆ ವೋಚರ್ ಯೋಜನೆಯಲ್ಲಿ ಕುಟುಂಬವು ಆದಾಯದ ಸುಮಾರು ಶೇ 30ರಷ್ಟನ್ನು ಕೊಟ್ಟರೆ ಉಳಿದದ್ದನ್ನು ಸರ್ಕಾರ ತುಂಬುತ್ತದೆ. ಆದರೆ ಅರ್ಹರಾದ ನಾಲ್ಕು ಕುಟುಂಬಗಳಲ್ಲಿ ಒಂದಕ್ಕಷ್ಟೇ ಅಲ್ಲಿ ಬಾಡಿಗೆಯ ಸರ್ಕಾರಿ ನೆರವು ಸಿಗುತ್ತದೆ. ಅಷ್ಟು ಸಿರಿವಂತ ದೇಶದಲ್ಲೂ ಕೊರತೆ ಕೊರತೆಯೇ. ಆದರೂ ಬಾಡಿಗೆ ತಪ್ಪಿದ ಕುಟುಂಬವನ್ನು ಬಾಡಿಗೆ ತಪ್ಪಿದ ಕುಟುಂಬವೆಂದೇ ಗುರುತಿಸುವ ಒಂದು ವ್ಯವಸ್ಥೆ ಅಲ್ಲಿದೆ, ನಮ್ಮಲ್ಲಿಲ್ಲ.

ನಮ್ಮ ಸರ್ಕಾರಗಳಿಗೆ ಬಾಡಿಗೆ ಕೊಡುವುದು ತಿಳಿಯದ ಕೆಲಸವೂ ಅಲ್ಲ. 2019ರ ಆಗಸ್ಟಿನ ಪ್ರವಾಹದಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಮನೆ ಕಳೆದುಕೊಂಡವರಿಗೆ, ಹೊಸ ಮನೆ ಕಟ್ಟಿಕೊಳ್ಳುವವರೆಗೆ ತಿಂಗಳಿಗೆ 5,000 ರೂಪಾಯಿ ಬಾಡಿಗೆ ಕೊಡುವುದಾಗಿ ಕರ್ನಾಟಕ ಸರ್ಕಾರ ಘೋಷಿಸಿತ್ತು. 2023ರ ಜನವರಿಯಲ್ಲಿ ಜೋಶಿಮಠದ ಮನೆಗಳು ಬಿರುಕುಬಿಟ್ಟಾಗ ಉತ್ತರಾಖಂಡ ಸರ್ಕಾರ ಆರು ತಿಂಗಳವರೆಗೆ ತಿಂಗಳಿಗೆ 4,000 ರೂಪಾಯಿ ಘೋಷಿಸಿತು. 2024ರ ಜುಲೈ 30ರ ವಯನಾಡ್ ಭೂಕುಸಿತದ ನಂತರ ಕೇರಳ ಸರ್ಕಾರ ಬಾಡಿಗೆ ಮನೆ ಹಿಡಿದ ಸಂತ್ರಸ್ತ ಕುಟುಂಬಗಳಿಗೆ ತಿಂಗಳಿಗೆ 6,000 ರೂಪಾಯಿ ನಿಗದಿ ಮಾಡಿತು. ಅಂದರೆ ಪಟ್ಟಿ ಮಾಡುವುದು, ಮೊತ್ತ ನಿಗದಿ ಮಾಡುವುದು, ಖಾತೆಗೆ ಹಾಕುವುದು, ಇವೆಲ್ಲವೂ ಕಂದಾಯ ಇಲಾಖೆಗೆ ಅಭ್ಯಾಸವಾಗಿರುವ ಕೆಲಸಗಳು. ಹೊಳೆ ಉಕ್ಕಿ ಮನೆ ಹೋದರೆ ಅದು ವಿಪತ್ತು. ಕಾರ್ಖಾನೆ ಬಾಗಿಲು ಹಾಕಿ ಮನೆ ಹೋದರೆ ಅದು ಆ ಕುಟುಂಬದ ಖಾಸಗಿ ಕಷ್ಟ. ಈ ಗೆರೆಯನ್ನು ಎಳೆದದ್ದು ನಿಸರ್ಗವಲ್ಲ, ನಮ್ಮ ನಿಯಮಪುಸ್ತಕ. ಮಕ್ಕಳನ್ನು ಕಟ್ಟಿಕೊಂಡು ಗಂಟುಮೂಟೆಯೊಡನೆ ಬೀದಿಗೆ ಬಂದ ತಾಯಿಯ ಪಾಲಿಗೆ ಈ ಎರಡರ ನಡುವೆ ಯಾವ ವ್ಯತ್ಯಾಸವಿದೆ ಎಂದು ನನಗೆ ಇಂದಿಗೂ ಅರ್ಥವಾಗಿಲ್ಲ.

ಇನ್ನು, ಇಂದು ಕಷ್ಟಕ್ಕೆ ಸಿಕ್ಕಿರುವ ಕುಟುಂಬಕ್ಕೆ ಇರುವ ದಾರಿಗಳು. ಬಾಡಿಗೆ ನೆರವೆಂಬ ಹೆಸರಿಲ್ಲದಿದ್ದರೂ ಬಾಡಿಗೆಯನ್ನು ತುಂಬಬಲ್ಲ ಅತ್ಯಂತ ದೊಡ್ಡ ಆಸರೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ, ನೋಂದಾಯಿತ ಕಾರ್ಖಾನೆ ಅಥವಾ ಸಂಸ್ಥೆಯ ಕೆಲಸಗಾರರು ಇದರ ವ್ಯಾಪ್ತಿಗೆ ಬರುತ್ತಾರೆ; ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಹೆಣ್ಣುಮಕ್ಕಳಲ್ಲಿ ಬಹುಪಾಲು ಮಂದಿಯ ಸಂಬಳದಿಂದ ಇದಕ್ಕೆ ವಂತಿಗೆ ಹೋಗುತ್ತದೆ. ಹೆಚ್ಚಿನವರು ಇಎಸ್‌ಐ ಎಂದರೆ ಆಸ್ಪತ್ರೆ, ಔಷಧ ಎಂದಷ್ಟೇ ತಿಳಿದಿದ್ದಾರೆ. ಆದರೆ ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದ ದಿನಗಳಿಗೆ, ಇಎಸ್‌ಐ ವೈದ್ಯರ ಪ್ರಮಾಣಪತ್ರದ ಮೇಲೆ, ಸಂಬಳದ ಶೇ 70ರಷ್ಟು ನಗದು ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಕೆಲಸವೇ ಹೋದವರಿಗೆ 2018ರಲ್ಲಿ ಆರಂಭವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯಿದೆ: ನಿಗದಿತ ದಿನಗಳ ವಂತಿಗೆ ಕಟ್ಟಿದ್ದವರಿಗೆ ಸರಾಸರಿ ದಿನಗೂಲಿಯ ಅರ್ಧದಷ್ಟು ಹಣ, ಜೀವಮಾನದಲ್ಲಿ ಒಮ್ಮೆ, ಗರಿಷ್ಠ 90 ದಿನಗಳಿಗೆ. ಮೊದಲು ಕಾಲುಭಾಗವಿದ್ದ ಈ ಮೊತ್ತ ಕೋವಿಡ್ ಕಾಲದಲ್ಲಿ ಅರ್ಧಕ್ಕೆ ಏರಿತು. ಯೋಜನೆಯ ಅವಧಿ ಆಗಾಗ ವಿಸ್ತರಣೆಯಾಗುತ್ತ ಬಂದಿರುವುದರಿಂದ ಅರ್ಜಿ ಹಾಕುವ ಮೊದಲು ಇಎಸ್‌ಐ ಶಾಖಾ ಕಚೇರಿಯಲ್ಲಿ ಕೇಳಿಕೊಳ್ಳಬೇಕು. 13,000 ರೂಪಾಯಿ ಸಂಬಳವಿದ್ದ ಮಹಿಳೆಗೆ ಇದರಿಂದ ತಿಂಗಳಿಗೆ ಸುಮಾರು 6,500 ರೂಪಾಯಿ ಬರುತ್ತದೆಂದು ಲೆಕ್ಕ ಹಾಕಿದರೆ, ಅದು ಹೆಚ್ಚುಕಡಿಮೆ ಮೇಲೆ ಹೇಳಿದ ಮನೆಯ ಬಾಡಿಗೆ. ಪಿಎಫ್ ಇರುವವರು ಚಿಕಿತ್ಸೆಗಾಗಿ ತಮ್ಮದೇ ಖಾತೆಯಿಂದ ಮುಂಗಡ ತೆಗೆಯಬಹುದು. ಅದರಿಂದ ಆಸ್ಪತ್ರೆಯ ಖರ್ಚು ನೀಗಿದರೆ ಕೈಯಲ್ಲಿದ್ದ ಹಣ ಬಾಡಿಗೆಗೆ ಉಳಿಯುತ್ತದೆ.

ತೊಂದರೆ ಬರುವುದು ಸಮಯದಲ್ಲಿ. ಕೆಲಸ ಹೋದ 30 ದಿನಗಳ ನಂತರವಷ್ಟೇ ಆ ನಿರುದ್ಯೋಗ ಭತ್ಯೆಯ ಕೋರಿಕೆ ಸಲ್ಲಿಸಬಹುದು, ಅದು ಮಂಜೂರಾಗಲು ಮತ್ತೆ ಕೆಲವು ದಿನ. ಬಾಡಿಗೆ ಮಾತ್ರ ತಿಂಗಳ ಐದನೇ ತಾರೀಖು ಬರುತ್ತದೆ. ಈ ಅಂತರವನ್ನು ತುಂಬುವವರು ಬಡ್ಡಿಗೆ ಕೊಡುವವರು ಮತ್ತು ಕಿರು ಸಾಲದ ಕಂಪನಿಗಳು. ಸಾಲ ವಸೂಲಿಯ ಕಿರುಕುಳವನ್ನು ತಡೆಯಲು ಕರ್ನಾಟಕ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತೆಂಬುದೇ ಆ ಸಾಲಗಳು ಎಷ್ಟು ಮನೆಗಳ ಒಳಗೆ ಹೊಕ್ಕಿವೆ ಎಂಬುದನ್ನು ತೋರಿಸುತ್ತದೆ. ವಾರದ ಕಂತಿನ ಸಾಲ ತೆಗೆದು ಬಾಡಿಗೆ ಕಟ್ಟಿದವರಿಗೆ ಮುಂದಿನ ತಿಂಗಳು ಬಾಡಿಗೆಯೊಂದಿಗೆ ನಾಲ್ಕು ಕಂತುಗಳೂ ಎದುರಾಗುತ್ತವೆ.

ಗಾರೆ ಕೆಲಸದವರು, ಪೇಂಟರುಗಳು, ಬಾರ್‌ಬೆಂಡರುಗಳು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿದ್ದರೆ ವೈದ್ಯಕೀಯ ಸಹಾಯ, ಅಪಘಾತ ಪರಿಹಾರ, ಹೆರಿಗೆ ಸಹಾಯಗಳಿಗೆ ಅರ್ಜಿ ಹಾಕಬಹುದು. ಕಟ್ಟಡ ವೆಚ್ಚದ ಮೇಲಿನ ಸೆಸ್‌ನಿಂದ ತುಂಬುವ ಈ ನಿಧಿ ಸಣ್ಣದಲ್ಲ. ಆದರೆ ಕೆಲಸವಿಲ್ಲದ ತಿಂಗಳಿಗೆ ಬಾಡಿಗೆ ಎಂಬ ಬಾಬ್ತು ಅದರಲ್ಲಿಲ್ಲ. ಬೆಂಗಳೂರಿನ ಕಟ್ಟಡಗಳನ್ನು ಕಟ್ಟುವವರ ಹೆಸರಿನಲ್ಲಿ ಕೂಡಿಟ್ಟ ಹಣದಿಂದ ಅವರ ತಲೆಯ ಮೇಲಿನ ಸೂರಿಗೆ ಒಂದು ತಿಂಗಳ ನೆರವೂ ಇಲ್ಲವೆಂಬುದು ನನಗೆ ತೀರ ನೋವಿನ ಸಂಗತಿಯಾಗಿ ಕಾಣುತ್ತದೆ. ಇವರಿಗೂ ಹಿಂದೆ ಉಳಿಯುವವರು ಮನೆಗೆಲಸದವರು ಮತ್ತು ಬೀದಿ ವ್ಯಾಪಾರಿಗಳು. ಅವರಿಗೆ ಇಎಸ್‌ಐಯೂ ಇಲ್ಲ, ಕಟ್ಟಡ ಮಂಡಳಿಯೂ ಇಲ್ಲ. ಅಂಥ ಮನೆಗಳಲ್ಲಿ 2023ರಿಂದ ತಿಂಗಳಿಗೆ 2,000 ರೂಪಾಯಿ ತರುವ ಗೃಹಲಕ್ಷ್ಮಿಯ ಹಣವೇ ಬಾಡಿಗೆಯ ಒಂದು ಪಾಲಾಗಿ ಹೋಗುತ್ತದೆ. ಗೃಹಜ್ಯೋತಿ ಬಾಡಿಗೆದಾರರಿಗೂ ಅನ್ವಯಿಸುವುದರಿಂದ ಕರೆಂಟಿನ ಖರ್ಚು ತಗ್ಗುತ್ತದೆ; ಆದರೆ ನಾಲ್ಕಾರು ಮನೆಗಳಿಗೆ ಒಂದೇ ಮೀಟರ್ ಇರುವ ವಠಾರದಲ್ಲಿ, ಆ ಮನೆಯದೇ ಆರ್‌ಆರ್ ಸಂಖ್ಯೆ ಇಲ್ಲದೆ, ಇಲ್ಲವೆ ತಾವು ಬಾಡಿಗೆಗೆ ಇದ್ದೇವೆಂಬುದಕ್ಕೆ ಕಾಗದವಿಲ್ಲದೆ, ಅರ್ಹತೆಯಿದ್ದೂ ಅದು ಕೈಗೆಟುಕದೆ ಹೋಗಬಹುದು.

ಈ ಕಾಗದದ ಪ್ರಶ್ನೆ ಎಲ್ಲದಕ್ಕೂ ಬುಡ. ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಬೇಕಾದ್ದರಿಂದ 11 ತಿಂಗಳ ಕರಾರು ಬಳಕೆಗೆ ಬಂತು; ಕಡಿಮೆ ಬಾಡಿಗೆಯ ಮನೆಗಳಲ್ಲಿ ಅದೂ ಇರುವುದಿಲ್ಲ, ಬಾಯಿಮಾತೇ ಕರಾರು. 1999ರ ಕರ್ನಾಟಕ ಬಾಡಿಗೆ ಕಾಯಿದೆಯ ರಕ್ಷಣೆ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಕಾಯಿದೆ ರೂಪುಗೊಂಡ ಕಾಲಕ್ಕೆ ಆ ಮೊತ್ತ ಮಧ್ಯಮ ವರ್ಗದ ಮನೆಯ ಬಾಡಿಗೆ. ಇಂದು ಆ ಬಾಡಿಗೆಗೆ ಶೀಟಿನ ಕೋಣೆ ಸಿಕ್ಕುವುದೂ ದುರ್ಲಭ. ಬಡವರನ್ನು ಕಾಯಬೇಕಾದ ಕಾನೂನಿನಿಂದ ಬಡವರೇ ಬೆಲೆಯೇರಿಕೆಯ ಮೂಲಕ ಹೊರಬಿದ್ದಿದ್ದಾರೆ. ಉಳಿದವರಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯಿದೆ, ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು ಅದರಲ್ಲಿ ಸಾಕಾಗುವುದು 15 ದಿನಗಳ ನೋಟಿಸ್.

ಆದರೂ ನೋಟಿಸ್ ಬಂದ ಮಾತ್ರಕ್ಕೆ ಮನೆ ಹೋಗುವುದಿಲ್ಲವೆಂಬುದನ್ನು ಪ್ರತಿ ಬಾಡಿಗೆದಾರರೂ ತಿಳಿದಿರಬೇಕು. ನೋಟಿಸಿನ ಅವಧಿ ಮುಗಿದರೂ ಹೊರಹಾಕಲು ನ್ಯಾಯಾಲಯದ ಆದೇಶ ಬೇಕು. ಬೀಗ ಬದಲಿಸುವುದು, ಸಾಮಾನು ಹೊರಗಿಡುವುದು, ನೀರು ಕರೆಂಟು ಕಡಿದು ಓಡಿಸುವುದು ಯಾವುದೂ ಮಾಲೀಕರ ಹಕ್ಕಲ್ಲ. ಹಾಗೆ ಕಾನೂನು ಬಿಟ್ಟು ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ ಸೆಕ್ಷನ್ 6ರಡಿ ಆರು ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನವನ್ನು ಮರಳಿ ಕೇಳಬಹುದು. ಠಾಣೆಗೆ ಹೋದರೆ ‘ಇದು ಸಿವಿಲ್ ವಿಷಯ’ ಎಂಬ ಉತ್ತರ ಸಿಗುವುದು ಸಾಮಾನ್ಯ. ಆಗ ನೆನಪಿಡಬೇಕಾದ ಸಂಖ್ಯೆ 15100, ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಲು ಅರ್ಹರು. ಇತರರಿಗೆ ಆದಾಯದ ಮಿತಿಯಿದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಪ್ರಾಧಿಕಾರದ ಕಚೇರಿ, ತಾಲ್ಲೂಕು ನ್ಯಾಯಾಲಯದಲ್ಲಿ ಅದರ ಸಮಿತಿ ಇರುತ್ತದೆ. ವ್ಯಾಜ್ಯ ಹೂಡುವ ಮೊದಲೇ ಎರಡೂ ಕಡೆಯವರನ್ನು ಕರೆಸಿ ರಾಜಿ ಮಾಡಿಸುವ ಅಧಿಕಾರ ಅವಕ್ಕಿದೆ. ಎರಡು ತಿಂಗಳ ಬಾಕಿಯನ್ನು ಆರು ಕಂತು ಮಾಡಿಕೊಳ್ಳುವ, ಮುಂಗಡದಿಂದ ಎಷ್ಟು ಮುರಿಯಬೇಕೆಂದು ಲೆಕ್ಕ ಬರೆದುಕೊಳ್ಳುವ ಕೆಲಸಕ್ಕೆ ಇದಕ್ಕಿಂತ ತಕ್ಕ ಜಾಗ ಸದ್ಯಕ್ಕೆ ನನಗೆ ಕಾಣದು. ಕರಾರು ಪತ್ರವಿಲ್ಲದವರು ಬಾಡಿಗೆಯನ್ನು ನಗದಾಗಿ ಕೊಡುವ ಬದಲು ಫೋನ್‌ಪೇ, ಗೂಗಲ್‌ಪೇ ಮೂಲಕ ಕಳುಹಿಸಿ, ಮುಂಗಡ ಕೊಟ್ಟಾಗ ಒಂದು ಚೀಟಿಯಲ್ಲಾದರೂ ಸಹಿ ಪಡೆದಿದ್ದರೆ, ಆ ದಾಖಲೆಯೇ ಮುಂದೆ ಬಾಡಿಗೆದಾರರೆಂಬ ಪುರಾವೆಯಾಗುತ್ತದೆ.

ವಸತಿ ಯೋಜನೆಗಳ ಕುರಿತು ಇಲ್ಲಿ ಬಹಳ ಹೇಳಬೇಕಿಲ್ಲ, ಏಕೆಂದರೆ ಅವು ತುರ್ತಿಗೆ ಒದಗುವಂಥವಲ್ಲ. ಆಶ್ರಯ ಮನೆಯಿಂದ ಹಿಡಿದು ಪ್ರಧಾನಮಂತ್ರಿ ಆವಾಸ್‌ವರೆಗೆ ನಮ್ಮ ಯೋಜನೆಗಳ ಕನಸು ಸ್ವಂತ ಮನೆ. ಬಾಡಿಗೆಯನ್ನು ಅವು ದಾಟಿಹೋಗಬೇಕಾದ ಮಧ್ಯಂತರ ಸ್ಥಿತಿಯೆಂದು ಭಾವಿಸಿವೆ. 2012ರಲ್ಲಿ ಕೇಂದ್ರದ ತಾಂತ್ರಿಕ ಸಮಿತಿ ನಗರಗಳಲ್ಲಿ 1.878 ಕೋಟಿ ಮನೆಗಳ ಕೊರತೆಯನ್ನು ಅಂದಾಜು ಮಾಡಿದಾಗ, 2011ರ ಜನಗಣತಿ ಅದೇ ನಗರಗಳಲ್ಲಿ 1.1 ಕೋಟಿ ಮನೆಗಳು ಖಾಲಿಯಿವೆ ಎಂದು ಎಣಿಸಿತ್ತು. ಮನೆಯ ಕೊರತೆಗಿಂತ ಕೈಗೆಟುಕುವ ಬಾಡಿಗೆಯ ಕೊರತೆ ದೊಡ್ಡದೆಂಬುದು ಆಗಲೇ ಸ್ಪಷ್ಟವಿತ್ತು. 2020ರ ಜುಲೈನಲ್ಲಿ, ವಲಸೆ ಕಾರ್ಮಿಕರ ನಡಿಗೆಯ ನೆನಪು ಹಸಿಯಾಗಿದ್ದಾಗ, ಕೇಂದ್ರ ಸರ್ಕಾರ ಕೈಗೆಟುಕುವ ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆ ತಂದಿತು. ಹಿಂದಿನ ಯೋಜನೆಗಳಲ್ಲಿ ಕಟ್ಟಿ ಖಾಲಿ ಬಿದ್ದಿದ್ದ ಸುಮಾರು ಒಂದು ಲಕ್ಷ ಸರ್ಕಾರಿ ಮನೆಗಳನ್ನು ಬಾಡಿಗೆಗೆ ಕೊಡುವುದು ಅದರ ಒಂದು ಭಾಗ. ಹಾಗೆ ಬಳಕೆಗೆ ಬಂದವು ಸುಮಾರು 5,600, ಅವೂ ಚಂಡೀಗಢ, ಸೂರತ್, ಅಹಮದಾಬಾದ್, ರಾಜ್‌ಕೋಟ್, ಜಮ್ಮುವಿನಂಥ ಕೆಲವೇ ಊರುಗಳಲ್ಲಿ. 2024ರ ಸೆಪ್ಟೆಂಬರಿನಲ್ಲಿ ಆರಂಭವಾದ ಆವಾಸ್ ಎರಡನೇ ಹಂತದಲ್ಲೂ ಬಾಡಿಗೆ ವಸತಿಗೆ ಒಂದು ಕವಲಿದೆ. ಅದು ಮನೆ ಕಟ್ಟುವವರಿಗೆ ನೆರವು, ಬಾಡಿಗೆ ಕಟ್ಟುವವರಿಗಲ್ಲ. ಪೂರ್ತಿ ಬೀದಿಗೆ ಬಿದ್ದವರಿಗೆ ನಗರ ವಸತಿರಹಿತರ ಆಶ್ರಯ ಕೇಂದ್ರಗಳಿವೆ; ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಜನರಿಗೆ ಇಂಥ ಆಶ್ರಯವಿರಬೇಕೆಂಬುದು ಮಾರ್ಗಸೂಚಿ. ಆದರೆ ಗಂಡ, ಹೆಂಡತಿ, ಮಕ್ಕಳು, ಪಾತ್ರೆಪಗಡೆ ಒಟ್ಟಿಗಿರುವ ಸಂಸಾರವೊಂದು ಅಲ್ಲಿಗೆ ಹೋಗಿ ಸೇರುವುದು ಸುಲಭವಲ್ಲ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕೇಂದ್ರಗಳಿರುವಲ್ಲಿ ಸಂಸಾರವೇ ಎರಡಾಗುತ್ತದೆ. ಒಮ್ಮೆ ಮನೆ ಬಿಟ್ಟವರಿಗೆ ಮತ್ತೆ ಮುಂಗಡ ಹೊಂದಿಸುವುದು ಎಷ್ಟು ಕಷ್ಟವೆಂದರೆ, ಇದ್ದ ಮನೆಯಲ್ಲೇ ಎರಡು ತಿಂಗಳು ಉಳಿಸಿಕೊಳ್ಳುವುದು ಎಲ್ಲ ಲೆಕ್ಕದಲ್ಲೂ ಅಗ್ಗ. ಅದರಲ್ಲೂ ಜಾತಿ, ಧರ್ಮ, ಒಂಟಿತನದ ಕಾರಣಕ್ಕೆ ಹತ್ತು ಬಾಗಿಲು ತಟ್ಟಿ ಒಂದು ಮನೆ ಪಡೆದವರಿಗೆ ಆ ಮನೆ ಕಳೆದುಕೊಂಡರೆ ಹನ್ನೊಂದನೆಯ ಬಾಗಿಲು ಎಲ್ಲಿ ಸಿಗುತ್ತದೆಂದು ಹೇಳಲಾಗದು.

ಹಾಗಾದರೆ ಏನಾಗಬೇಕು? ಹೊಸ ಇಲಾಖೆಯೊಂದು ಬೇಕಿಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಗಳಿಗೆ ರಾಜಿ ಮಾಡಿಸುವ ಅಧಿಕಾರವಿದೆ, ಹಣವಿಲ್ಲ. ಕಾರ್ಮಿಕ ಕಲ್ಯಾಣ ಮಂಡಳಿಗಳಲ್ಲಿ ಹಣವಿದೆ, ಬಾಡಿಗೆಯೆಂಬ ಬಾಬ್ತಿಲ್ಲ. ಈ ಎರಡನ್ನು ಜೋಡಿಸಿ, ಬಾಡಿಗೆ ತಪ್ಪಿದ ಕುಟುಂಬಕ್ಕೆ ಎರಡು ತಿಂಗಳವರೆಗಿನ ಬಾಡಿಗೆಯನ್ನು ರಾಜಿಪತ್ರದ ಆಧಾರದ ಮೇಲೆ ನೇರ ಮಾಲೀಕರ ಖಾತೆಗೆ ಹಾಕುವ, ಅದಕ್ಕೆ ಪ್ರತಿಯಾಗಿ ಆರು ತಿಂಗಳು ತೆರವು ಕೇಳುವುದಿಲ್ಲವೆಂದು ಮಾಲೀಕರು ಬರೆದುಕೊಡುವ ಏರ್ಪಾಡನ್ನು ಒಂದು ಜಿಲ್ಲೆಯಲ್ಲಿ ಆರಂಭಿಸಿ ನೋಡಬಹುದು. ನೆರೆ ಪರಿಹಾರಕ್ಕೆ ಬಳಸುವ ಪಟ್ಟಿ, ಖಾತೆ ವರ್ಗಾವಣೆಯ ಪದ್ಧತಿಯೇ ಇದಕ್ಕೂ ಸಾಕು. ಅಮೆರಿಕದ ಅನುಭವ ಹೇಳುವಂತೆ, ಪುರಾವೆಯ ವಿಷಯದಲ್ಲಿ ಬಿಗಿ ಮಾಡಿದಷ್ಟೂ ಹಣ ಖಜಾನೆಯಲ್ಲೇ ಉಳಿಯುತ್ತದೆ. ಆರು ತಿಂಗಳ ಯುಪಿಐ ಪಾವತಿಯ ವಿವರ, ಅದೂ ಇಲ್ಲದವರಿಗೆ ಅಕ್ಕಪಕ್ಕದ ಇಬ್ಬರ ಹೇಳಿಕೆ ಸಾಕೆನ್ನಬೇಕು. ಸುಳ್ಳು ಅರ್ಜಿಗಳು ಕೆಲವು ಬಂದೇ ಬರುತ್ತವೆ, ಆದರೆ ಹಣ ಹೋಗುವುದು ನಿಜವಾದ ಮನೆಯ ನಿಜವಾದ ಮಾಲೀಕರ ಖಾತೆಗಾದ್ದರಿಂದ ಆ ನಷ್ಟ ಅಳತೆ ಮೀರುವುದಿಲ್ಲ. ಅರ್ಜಿ ಕೊಟ್ಟ ಹದಿನೈದು ದಿನಗಳೊಳಗೆ ಹಣ ಸೇರಬೇಕೆಂಬ ಗಡುವನ್ನು ಮಾತ್ರ ಸಡಿಲಿಸಬಾರದು. ಕಾನೂನಿನಲ್ಲಿ ನೋಟಿಸಿನ ಅವಧಿ ಹದಿನೈದೇ ದಿನ.